ಸಣ್ಣ ರೈತ, ಗಿಡ್ಡ ಮೇಷ್ಟ್ರು

ನನ್ನ ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚಿನ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಅದು ಚಪ್ಪಲಿಯದೆಂದು ನನ್ನ ಹೆಂಡತಿಯ ವಾದ. ಆಂಧ್ರ ಗಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲಕ್ಕೆ ತೆಲುಗು ಮೀಡಿಯಂ ಹುಡುಗರು ನನ್ನನ್ನು ಪೊಟ್ಟಿ ಸಾರು ಅನ್ನುತ್ತಿದ್ದರು, ಕನ್ನಡ ಮೀಡಿಯಂ ಹುಡುಗರು ಗಿಡ್ಡ ಮೇಷ್ಟ್ರು. ಎರಡು ಭಾಷೆಗಳ ನಡುವೆ ಬದುಕುವವನಿಗೆ ಇದೊಂದು ಲಾಭ, ಒಂದೇ ಕೊರತೆಗೆ ಎರಡೆರಡು ಬಿರುದು ಸಿಗುತ್ತವೆ. ಕರಿಹಲಗೆಯ ಮೇಲ್ಭಾಗ ನನ್ನ ಕೈಗೆ ಎಟುಕುತ್ತಿರಲಿಲ್ಲ. ಹಿಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಬರೆದ ಲೆಕ್ಕ ಮೇಲೆ ಹಾಗೇ ಉಳಿದು, ಅದರ ಕೆಳಗೆ ನನ್ನ ಸಂಧಿ ಸಮಾಸಗಳು ಶುರುವಾಗುತ್ತಿದ್ದವು. ಹುಡುಗರ ನೋಟುಪುಸ್ತಕಗಳಲ್ಲಿ ಕರ್ಮಧಾರಯ ಸಮಾಸಕ್ಕೂ ಚಕ್ರಬಡ್ಡಿಗೂ ಬಿಡಿಸಲಾರದ ನಂಟು ಬೆಳೆದದ್ದು ಹೀಗೆ.

ಇದು ಸಾಲದೆಂಬಂತೆ ನನ್ನ ಗಾತ್ರಕ್ಕೆ ಸರ್ಕಾರಿ ದಾಖಲೆಯೂ ಇದೆ. ಎರಡೂವರೆ ಎಕರೆಯ ಒಳಗೆ ಹೊಲ ಇದ್ದವನು ಅತಿ ಸಣ್ಣ ರೈತ, ಅಲ್ಲಿಂದ ಐದು ಎಕರೆಯವರೆಗೆ ಸಣ್ಣ ರೈತ ಎಂದು ಸರ್ಕಾರದ ಲೆಕ್ಕ. ಅಪ್ಪನಿಂದ ಬಂದ ನಾಲ್ಕು ಎಕರೆ ಮಸಾರಿಯಿಂದಾಗಿ ನಾನು ಬಹಳ ವರ್ಷ ಸಣ್ಣ ರೈತನಾಗಿದ್ದೆ. ತಮ್ಮನ ಜೊತೆ ಪಾಲಾದ ಮೇಲೆ ಅತಿ ಸಣ್ಣ ರೈತನಾದೆ. ನೌಕರಿಯಲ್ಲಿ ಸಿಗದ ಬಡ್ತಿ ಬೇಸಾಯದಲ್ಲಿ ಸಿಕ್ಕಿತು. ಆ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿಟ್ಟಿದ್ದೇನೆ, ಸಬ್ಸಿಡಿ ಬೀಜಕ್ಕೆ ಬೇಕಾಗುತ್ತದೆ. ದೊಡ್ಡವರೆನ್ನಿಸಿಕೊಂಡವರ ಮನೆಯ ಗೋಡೆಗಳ ಮೇಲೆ ಸನ್ಮಾನಪತ್ರಗಳಿರುತ್ತವೆ. ಅವರ ದೊಡ್ಡಸ್ತಿಕೆಗೆ ಸಹಿ ಹಾಕಿದವರು ಯಾವುದೋ ಸಂಘದ ಅಧ್ಯಕ್ಷರು. ನನ್ನ ಚಿಕ್ಕಸ್ತಿಕೆಗೆ ಸಹಿ ಹಾಕಿದವರು ತಹಶೀಲ್ದಾರರು, ಸೀಲೂ ಇದೆ.

ಕುಳ್ಳಗಿರುವವರಿಗೆ ಲೋಕ ಎರಡು ದಾರಿ ತೋರಿಸುತ್ತದೆ. ಒಂದು ಎತ್ತರದ ಚಪ್ಪಲಿ, ಇನ್ನೊಂದು ಎತ್ತರದ ದನಿ. ಎರಡನ್ನೂ ಪ್ರಯತ್ನಿಸಿದ್ದೇನೆ. ಚಪ್ಪಲಿ ಉಸುಕಿನಲ್ಲಿ ಹೂತುಕೊಂಡಿತು. ದನಿ ಎತ್ತಿದರೆ ಹಿಂದಿನ ಬೆಂಚಿನವರು ಇನ್ನಷ್ಟು ನಕ್ಕರು. ಈಗಿನವರು ಮೂರನೆಯ ದಾರಿ ಕಂಡುಕೊಂಡಿದ್ದಾರೆ, ಫ್ಲೆಕ್ಸ್. ಯಾರದಾದರೂ ಹುಟ್ಟುಹಬ್ಬ ಬಂತೆಂದರೆ ಬಸ್‌ ಸ್ಟ್ಯಾಂಡಿನಲ್ಲಿ ಬಸ್ಸಿಗಿಂತ ದೊಡ್ಡ ಮುಖ ಎದ್ದು ನಿಲ್ಲುತ್ತದೆ. ಕೆಳಗೆ ಸಾಲಾಗಿ ಅಭಿಮಾನಿಗಳ ಮುಖಗಳು, ಬರಬರುತ್ತ ಚಿಕ್ಕದಾಗುತ್ತ ಹೋಗುತ್ತವೆ, ಕೊನೆಯವನು ಅಂಚೆಚೀಟಿಯಷ್ಟು. ಆಷಾಢದ ಗಾಳಿಗೆ ಫ್ಲೆಕ್ಸ್ ಹರಿದು ಬಿದ್ದರೆ ಯಾರೂ ದುಃಖಪಡುವುದಿಲ್ಲ, ಯಾಕೆಂದರೆ ಶೇಂಗಾ ಹೊಟ್ಟಿನ ಬಣವೆಗೆ ಹೊದಿಸಲು ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ನಮ್ಮ ಕಡೆಯ ಎಷ್ಟೋ ಬಣವೆಗಳ ಮೇಲೆ ನಾಯಕರು ಮಳೆಗಾಲವಿಡೀ ಕೈಮುಗಿದು ಮಲಗಿರುತ್ತಾರೆ.

ಆಷಾಢದ ಗಾಳಿ ಅಂದೆನಲ್ಲ, ಅದನ್ನು ಕಣ್ಣಾರೆ ನೋಡದವರಿಗೆ ಸ್ವಲ್ಪ ವಿವರ ಹೇಳಬೇಕು. ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಹತ್ತಿರ ಸೇರಿ ವೇದಾವತಿಯಾಗಿ, ಹಿರಿಯೂರು ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಹಗರಿ ಅನ್ನಿಸಿಕೊಂಡು, ಮುಂದೆ ಬಳ್ಳಾರಿ ಸೀಮೆಯನ್ನು ಹಾದು ತುಂಗಭದ್ರೆಗೆ ಸೇರುತ್ತವೆ. ನದಿಯೆಂದು ಕರೆದರೂ ವರ್ಷದ ಬಹುಪಾಲು ಅದು ಉಸುಕಿನ ಹಾಸು. ಮುಂಗಾರಿನ ಗಾಳಿ ನೈರುತ್ಯದಿಂದ ಬೀಸತೊಡಗಿದರೆ ಆ ಉಸುಕು ಎದ್ದು ದಂಡೆ ಹತ್ತುತ್ತದೆ, ಹೊಲ ಹೊಗುತ್ತದೆ, ಬದುವಿನ ಮೇಲೆ ಕೂತು ದಿಬ್ಬವಾಗುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳ ಹಗರಿ ದಂಡೆಯ ಊರುಗಳಲ್ಲಿ, ದರ್ಗಾ ಹೊನ್ನೂರಿನ ಕಡೆ ಹೋದರೆ, ಆಂಧ್ರದಲ್ಲಿದ್ದೇವೋ ರಾಜಸ್ಥಾನದಲ್ಲಿದ್ದೇವೋ ಎಂದು ಒಂದು ಗಳಿಗೆ ಅನುಮಾನ ಬರುತ್ತದೆ. ಈ ವರ್ಷ ಬಿತ್ತಿದ ಸಾಲು ಬರುವ ವರ್ಷ ದಿಬ್ಬದ ಅಡಿಯಲ್ಲಿರಬಹುದು. ಜನ ಟ್ರ್ಯಾಕ್ಟರು ಹಚ್ಚಿ ಉಸುಕು ಎಳೆದು ಹಾಕುತ್ತಾರೆ, ಅಂಚಿಗೆ ಸರ್ವೆಯೋ ಜಾಲಿಯೋ ನೆಟ್ಟು ತಡೆಯುತ್ತಾರೆ. ಗಾಳಿ ಮರುವರ್ಷ ಮತ್ತೆ ಬರುತ್ತದೆ, ಇವರೂ ಮತ್ತೆ ಎಳೆಯುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಸೋಲಿನ ಹಾಗೆ ಕಾಣುತ್ತದೆ. ಎಳೆಯುವವರ ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಅಂಗಳ ಗುಡಿಸುವವಳು ನಾಳೆ ಮತ್ತೆ ಕಸ ಬೀಳುತ್ತದೆಂದು ಅಳುತ್ತಾಳೇನು?

ಹಗರಿ ಯಾಕೆ ಹೀಗೆ ಬತ್ತಿದೆ ಎಂದರೆ ಮಳೆಯ ಕಥೆಯ ಜೊತೆಗೆ ಕಟ್ಟೆಯ ಕಥೆಯನ್ನೂ ಹೇಳಬೇಕು. ಮೈಸೂರು ಸಂಸ್ಥಾನದವರು ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಅದಾದ ಮೇಲೆ ನಮ್ಮ ರಾಯದುರ್ಗದ ಕಡೆ ಭೈರವಾನಿತಿಪ್ಪದಲ್ಲಿ ಇನ್ನೊಂದು ಕಟ್ಟೆ. ಎರಡು ಕಡೆ ಹಿಡಿಸಿಕೊಂಡು ಉಳಿದದ್ದು ನಮಗೆ, ಹೆಚ್ಚಿನ ವರ್ಷ ಅದೂ ಇಲ್ಲ. ವಾಣಿವಿಲಾಸ ಸಾಗರ ಮೊದಲ ಸಲ ತುಂಬಿದ್ದು 1933ರಲ್ಲಿ. ಎರಡನೆಯ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಈ ಲೆಕ್ಕವನ್ನು ಮೊದಲು ಮಾಡಿದ ದಿನ ನಾನು ಸ್ವಲ್ಪ ಹೊತ್ತು ಮಾತು ಬಿಟ್ಟೆ. 1934ರಲ್ಲಿ ಹುಟ್ಟಿ, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಹಲ್ಲು ಬಿದ್ದು, 2021ರಲ್ಲಿ ಕಣ್ಣುಮುಚ್ಚಿದ ಮನುಷ್ಯನೊಬ್ಬನ ಇಡೀ ತುಂಬುಬಾಳು ಈ ಕಟ್ಟೆಯ ಎರಡು ಕೋಡಿಗಳ ನಡುವೆ ಆರಾಮಾಗಿ ಹಿಡಿಸುತ್ತದೆ. ನಮ್ಮ ಓಣಿಯಲ್ಲೇ ಅಂಥವರಿದ್ದರು. ಅವರ ಪಾಲಿಗೆ ಆ ಕಟ್ಟೆ ತುಂಬುವುದು ಪುರಾಣದ ಮಾತು. ಹಾಗೆಂದು ಅವರ್ಯಾರೂ ಅದಕ್ಕಾಗಿ ಕಾಯುತ್ತ ಕೂತವರಲ್ಲ. ಇನ್ನೂ ತಮಾಷೆಯೆಂದರೆ, 89 ವರ್ಷ ಕಾಯಿಸಿದ ಕಟ್ಟೆ ಮತ್ತೆ 2025ರ ಜನವರಿಯಲ್ಲೇ ತುಂಬಿತು. ನಮ್ಮ ಆಯುಷ್ಯದ ಅಳತೆ ಇಟ್ಟುಕೊಂಡು ಮೋಡದ ಲೆಕ್ಕ ಬಿಡಿಸಹೋದವನು ಪೇಚಿಗೆ ಸಿಕ್ಕಿದ.

ನಾನು ಹುಡುಗನಾಗಿದ್ದಾಗ ಬೇಸಗೆಯಲ್ಲಿ ನಮ್ಮ ಅತ್ತೆಯ ಜೊತೆ ಹಗರಿಗೆ ನೀರಿಗೆ ಹೋಗುತ್ತಿದ್ದೆ. ಅತ್ತೆಯೆಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಆಕೆ ಕೊಡ ಕೆಳಗಿಟ್ಟು ಮೊದಲು ಉಸುಕನ್ನು ನೋಡುತ್ತ ಒಂದಷ್ಟು ದೂರ ನಡೆಯುತ್ತಿದ್ದಳು. ಎಲ್ಲಿ ಬಣ್ಣ ಒಂದು ಛಾಯೆ ಕಪ್ಪಗಿದೆ, ಎಲ್ಲಿ ನಾಯಿ ಕೆದರಿ ಮಲಗಿದ ಗುರುತಿದೆ ಎಂದು ಹುಡುಕುತ್ತಿದ್ದಳು. ಆಮೇಲೆ ಮೊಣಕಾಲೂರಿ ಕೂತು ಎರಡೂ ಕೈಯಿಂದ ಬಗೆಯುವುದು. ಬುಟ್ಟಿಯ ಬಾಯಿಯಷ್ಟು ಅಗಲ, ಮೊಣಕೈ ಮುಳುಗುವಷ್ಟು ಆಳ. ತಳದಲ್ಲಿ ಉಸುಕು ತೇವವಾಗಿ, ಮೆತ್ತಗಾಗಿ, ಕೊನೆಗೆ ಹೊಳೆಯತೊಡಗುತ್ತಿತ್ತು. ಮೊದಲು ಬಂದ ನೀರು ಕೆಂಪು. ಅದನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಮತ್ತೆ ಬಂದದ್ದನ್ನೂ ಚೆಲ್ಲುತ್ತಿದ್ದಳು. ನನಗೆ ಸಂಕಟ, ಇಷ್ಟು ಕಷ್ಟಪಟ್ಟು ತೆಗೆದದ್ದನ್ನು ಚೆಲ್ಲುತ್ತಾಳಲ್ಲ ಎಂದು. ಬೇಗ ತುಂಬಲಿ ಎಂದು ಒಂದು ಸಲ ಪಕ್ಕದಿಂದ ಕೈ ಹಾಕಿ ಬಗೆಯಲು ಹೋದೆ. ಗೋಡೆ ಕುಸಿದು ಚಿಲುಮೆ ಮುಚ್ಚಿಕೊಂಡಿತು.

“ಅಗಲ ಮಾಡಬ್ಯಾಡಲೇ, ಕುಸೀತೈತಿ. ಒಂದು ಕೊಡ ತುಂಬಾಕ ಬಾವಿ ಬೇಕೇನು?” ಎಂದಳು.

ಮತ್ತೆ ಬಗೆದಳು. ಮತ್ತೆ ಚೆಲ್ಲಿದಳು. ಆಮೇಲೆ ನನ್ನ ಕಡೆ ತಿರುಗಿ, “ಈಗ ಕೈ ತಗಿ. ಸುಮ್ನ ಕುಂದ್ರು” ಎಂದಳು.

ಕೂತೆವು. ಚಿಲುಮೆಯೊಳಗೆ ಉಸುಕಿನ ಕಾಳುಗಳು ಒಂದೊಂದಾಗಿ ತಳಕ್ಕಿಳಿದು, ನೀರು ತಿಳಿಯಾಗಿ, ಕೊನೆಗೆ ನೀರಿದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛವಾಯಿತು. ಅತ್ತೆ ಕೊಡದ ಬಾಯಿಗೆ ಸೀರೆಯ ತುಂಡು ಕಟ್ಟಿ ಚಿಪ್ಪಿನಿಂದ ಸದ್ದಾಗದ ಹಾಗೆ ಮೊಗೆದು ಹಾಕತೊಡಗಿದಳು. ಅವಸರದಲ್ಲಿ ಚಿಪ್ಪು ತಳಕ್ಕೆ ತಾಕಿದರೆ ಮತ್ತೆ ಕೆಂಪು, ಮತ್ತೆ ಕಾಯಬೇಕು. ಉಸುಕಿನಡಿ ಹರಿಯುವ ನೀರು ಎಷ್ಟಿದೆ, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಆಕೆ ಕೇಳಿದ್ದನ್ನು ನಾನು ಕಾಣೆ. ಹಗರಿಯೆಲ್ಲ ಸೇರಿ ಆಕೆಗೆ ಬೇಕಾದದ್ದು ಬುಟ್ಟಿಯಗಲದ ಜಾಗ. ಅಷ್ಟು ಜಾಗದಲ್ಲಿ ಆಕೆ ಯಾವ ಇಂಜಿನಿಯರಿಗೂ ಕಡಿಮೆಯಿರಲಿಲ್ಲ.

ಈಗ ಮನೆಮನೆಗೆ ನಲ್ಲಿ ಬಂದಿದೆ. ಚಿಲುಮೆ ತೋಡುವವರು ಕುರಿ ಕಾಯುವವರು ಮಾತ್ರ. ರಾತ್ರಿ ಹೊತ್ತು ಉಸುಕಿನ ಟ್ರ್ಯಾಕ್ಟರುಗಳ ಸದ್ದು ಕೇಳುತ್ತದೆ. ನದಿಯ ಹಾಸು ಪಟ್ಟಣಗಳಲ್ಲಿ ಕಟ್ಟಡವಾಗಿ ಎದ್ದು ನಿಂತಷ್ಟೂ ಇಲ್ಲಿ ನೀರು ಆಳಕ್ಕಿಳಿಯುತ್ತದೆ. ಈ ವಿಷಯಕ್ಕೆ ಸಿಟ್ಟು ಬರುತ್ತದೆ, ಬರಲೂಬೇಕು. ಇದನ್ನು ಮುಂದೆ ಹೇಳುತ್ತೇನೆ.

ಹಗರಿಯ ಮೇಲೆ ಇನ್ನೊಂದು ನದಿ ಹರಿಯುತ್ತದೆ. ಹೊಸಬರನ್ನು ಕರೆದೊಯ್ದು ತೋರಿಸಲು ನನಗೆ ಬಹಳ ಇಷ್ಟವಾದ ನೋಟ ಅದು. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ, ನಮ್ಮವರ ಬಾಯಲ್ಲಿ ಎಚ್ಚೆಲ್ಸಿ, ಹೊಸಪೇಟೆಯ ಕಟ್ಟೆಯಿಂದ ಹೊರಟು ಬಳ್ಳಾರಿ ದಾಟಿ ಅನಂತಪುರ ಜಿಲ್ಲೆಗೆ ಬರುವಾಗ ಹಗರಿಯನ್ನು ಸೇತುವೆಯ ಮೇಲೆ ದಾಟುತ್ತದೆ. ಮೇಲೆ ತೊಟ್ಟಿಯೊಳಗೆ ತುಂಬಿ ಹರಿಯುವ ನೀರು, ಕೆಳಗೆ ಒಣಗಿದ ನದಿ. ಕಣೇಕಲ್ಲಿನ ಕೆರೆ ತುಂಬುವುದು, ಗದ್ದೆಗಳಲ್ಲಿ ಭತ್ತ ನಿಲ್ಲುವುದು ಆ ಮೇಲಿನ ನೀರಿನಿಂದ. ಹಾಗಾಗಿ ನಮ್ಮೂರಿನಲ್ಲಿ ಎರಡು ಜಾತಿ ರೈತರು. ಕಾಲುವೆಯವರು ಹೊಸಪೇಟೆಯ ಕಡೆ ನೋಡುತ್ತಾರೆ, ಮಳೆಯವರು ಆಕಾಶದ ಕಡೆ. ಕಾಲುವೆಯವರು ಸ್ವಲ್ಪ ಎದೆಯುಬ್ಬಿಸಿ ನಡೆಯುತ್ತಾರೆಂದು ಮಳೆಯವನಾದ ನನಗೆ ಅನ್ನಿಸುತ್ತದೆ, ಹೊಟ್ಟೆಕಿಚ್ಚೂ ಇರಬಹುದು.

ಆ ಎದೆಯೂ 2024ರ ಆಗಸ್ಟ್ 10ರ ರಾತ್ರಿ ಕುಸಿಯಿತು. ತುಂಗಭದ್ರಾ ಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ನಾಟಿ ಮಾಡಿದ ಗದ್ದೆಯ ಬದುವಿನ ಮೇಲೆ ನಿಂತು ಜನ ಮೊಬೈಲಿನಲ್ಲಿ ನೀರು ಹೋಗುವುದನ್ನು ನೋಡಿದರು. ತಮ್ಮ ಅನ್ನವೇ ಬಿಳಿ ನೊರೆಯಾಗಿ ಕೃಷ್ಣೆಯ ಕಡೆ ಓಡುತ್ತಿದೆ, ಇವರ ಕೈಯಲ್ಲಿ ಸಲಿಕೆ. ಎಷ್ಟು ದೊಡ್ಡ ರೈತನಾದರೂ ಆ ರಾತ್ರಿ ಕಬ್ಬಿಣದ ಒಂದು ಕೊಂಡಿಗಿಂತ ಚಿಕ್ಕವನು. ಒಂದು ವಾರದೊಳಗೆ ಕನ್ನಯ್ಯ ನಾಯ್ಡು ಎಂಬ ಹಿರಿಯ ಇಂಜಿನಿಯರು ಮುಂದೆ ನಿಂತು, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿಸಿದರು. ಆ ವರ್ಷ ಮಳೆಯೂ ಕೈಹಿಡಿದು ಕಟ್ಟೆ ಮತ್ತೆ ತುಂಬಿಕೊಂಡಿತು. ಆ ಕಟ್ಟೆಯಾದರೂ ದೊಡ್ಡದಾಗಿ ಉಳಿದಿದೆಯೇ? ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲೆಲ್ಲ ಹೂಳು ಕೂತಿದೆ. ಯಾವ ಗುಡ್ಡವೂ ಉರುಳಿ ಬಿದ್ದು ತುಂಬಿದ್ದಲ್ಲ, ಮಳೆಗಾಲ ಮಳೆಗಾಲಕ್ಕೆ ನೀರಿನ ಜೊತೆ ಬಂದ ಮಣ್ಣು.

ನೀರಿನ ಕಥೆ ಹೀಗಾದರೆ ನೆಲದ ಕಥೆ ಇನ್ನೊಂದು. ನಮ್ಮ ತಾತ 1953ರ ಸೆಪ್ಟೆಂಬರ್ 30ರ ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ ಬೆಳಿಗ್ಗೆ ಅನಂತಪುರ ಜಿಲ್ಲೆಯಲ್ಲಿ ಎದ್ದ. ಮಂಚ ಮಾತ್ರ ಅಲುಗಾಡಿರಲಿಲ್ಲ. ಮದ್ರಾಸು ರಾಜ್ಯವನ್ನು ಒಡೆದು ಆಂಧ್ರ ರಾಜ್ಯ ಮಾಡಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಹೋದವು, ಉಳಿದದ್ದು ಮೈಸೂರಿಗೆ ಸೇರಿತು. ಬಳ್ಳಾರಿ ತಾಲ್ಲೂಕಿಗಾಗಿ ಮಿಶ್ರಾ ಆಯೋಗ ಕೂತಿತು, ಚಳವಳಿ ನಡೆಯಿತು, ಪತ್ರಿಕೆಗಳಲ್ಲಿ ಗದ್ದಲವಾಯಿತು. ರಾಯದುರ್ಗದ ಮುದುಕನೊಬ್ಬನ ಮಂಚಕ್ಕಾಗಿ ಯಾರು ಆಯೋಗ ಕೂರಿಸುತ್ತಾರೆ? ತಾತ ಆಮೇಲೂ ಸಂತೆಗೆ ಬಳ್ಳಾರಿಗೇ ಹೋದ, ಕಂದಾಯಕ್ಕೆ ಮಾತ್ರ ತೆಲುಗು ಕಲಿತ. ನಾವು ಇವತ್ತಿಗೂ ರೇಷನ್ ಕಾರ್ಡಿನಲ್ಲಿ ತೆಲುಗು, ಜಗಳದಲ್ಲಿ ಕನ್ನಡ, ದೊಡ್ಡಾಸ್ಪತ್ರೆಗೆ ಬಳ್ಳಾರಿ. ಉಗ್ಗಾಣಿ ಬಜ್ಜಿಗೆ ಎರಡೂ ಕಡೆಯವರು ಹಕ್ಕುದಾರರು.

ಮಡಕಶಿರದ ಕಡೆಯ ಸ್ನೇಹಿತರೊಬ್ಬರಿದ್ದಾರೆ, ಅವರೂ ಕನ್ನಡ ಮೇಷ್ಟ್ರು. 2022ರಲ್ಲಿ ಜಿಲ್ಲೆಗಳನ್ನು ಮತ್ತೆ ಒಡೆದಾಗ ಅವರು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದರು, ನಾನು ಅನಂತಪುರದಲ್ಲೇ ಉಳಿದೆ. “ನೀವು ಕದಲಲಿಲ್ಲ, ನಾನೂ ಕದಲಲಿಲ್ಲ, ಆದರೂ ದೂರವಾದೆವು ಸಾರ್” ಎಂದು ಫೋನಿನಲ್ಲಿ ನಕ್ಕರು. ಅವರ ಊರಿನ ಹತ್ತಿರವೇ ಹೇಮಾವತಿ. ಅದು ಹಿಂದಿನ ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ. ಈಗ ಅದೊಂದು ಹಳ್ಳಿ. ನೊಳಂಬರು ಕಡೆಸಿದ ಕಂಬಗಳನ್ನು ಚೋಳರು ಹೊತ್ತುಕೊಂಡು ಹೋಗಿ ಕಾವೇರಿ ದಂಡೆಯ ತಿರುವೈಯಾರಿನ ಗುಡಿಯಲ್ಲಿ ನಿಲ್ಲಿಸಿಕೊಂಡರು. ಹೊತ್ತುಕೊಂಡು ಹೋದ ಚೋಳರೂ ಈಗಿಲ್ಲ, ಕಂಬಗಳಿವೆ. ಹೇಮಾವತಿಯ ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲ, ಮನುಷ್ಯನ ಹಾಗೆ ಕೂತಿದ್ದಾನೆ. ರಾಜಧಾನಿ ಕರಗಿ ಹಳ್ಳಿಯಾದದ್ದನ್ನು ಕೂತಲ್ಲಿಂದಲೇ ನೋಡಿದವನು ಅವನೊಬ್ಬನೇ. ನನ್ನ ಸ್ನೇಹಿತರು ಹುಡುಗರಿಗೆ ಇತಿಹಾಸ ಹೇಳುವಾಗ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ದೊಡ್ಡದಾಗಿದ್ದು ಚಿಕ್ಕದಾದ ಊರುಗಳಲ್ಲಿ ಒಂದು ನೆಮ್ಮದಿಯಿರುತ್ತದೆ, ಇನ್ನು ಯಾರೂ ದಂಡೆತ್ತಿ ಬರುವುದಿಲ್ಲ ಎಂಬ ನೆಮ್ಮದಿ. ರಿಟೈರಾದ ಹೆಡ್‌ಮಾಸ್ತರರಲ್ಲಿ ಕೂಡ ಅದನ್ನು ಕಂಡಿದ್ದೇನೆ.

ಇಲ್ಲಿಯವರೆಗೆ ಓದಿದವರಿಗೆ ಒಂದು ಅನುಮಾನ ಬಂದಿರಬೇಕು. ಗಾಳಿ ಬಂದರೂ ಸರಿ, ಗೇಟು ಹೋದರೂ ಸರಿ, ಜಿಲ್ಲೆ ಬದಲಾದರೂ ಸರಿ, ನಾವು ಸಣ್ಣವರು ಎಂದು ಕೂತುಬಿಟ್ಟರೆ ಉದ್ಧಾರವಾದಂತೆಯೇ. ನಿಜ. ಸಣ್ಣವರಾಗಿರಿ ಎಂದು ಬೋಧಿಸುವವರನ್ನು ನಾನು ನಂಬುವುದಿಲ್ಲ. ಆ ಬೋಧನೆ ಸಾಮಾನ್ಯವಾಗಿ ಎತ್ತರದ ವೇದಿಕೆಯಿಂದ, ಹೂವಿನ ಹಾರದ ಸಂದಿಯಿಂದ ಬರುತ್ತದೆ. ಬಡವನಿಗೆ ವಿನಯ ಕಲಿಸುವ ಅವಸರ ಇರುವವರಿಗೆ ಅವನ ಕೂಲಿ ಕೊಡುವ ಅವಸರ ಇರುವುದಿಲ್ಲ. ರಾತ್ರಿ ಉಸುಕು ಎತ್ತುವವನ ಮುಂದೆ ಹಗರಿ ದಂಡೆಯವರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ಗಾಳಿಯ ಮುಂದೆ ಬಾಗುವುದು ಒಂದು, ಮನುಷ್ಯನ ಮುಂದೆ ಬಾಗುವುದು ಇನ್ನೊಂದು. ಇವೆರಡನ್ನೂ ಒಂದೇ ಮೂಟೆಗೆ ಹಾಕಿ ಹೊಲಿದವರು ಬಹಳ ಜನ, ಅದರಿಂದ ಲಾಭ ಮಾಡಿಕೊಂಡವರೂ ಬಹಳ ಜನ.

ಒಮ್ಮೆ ಸಬ್ಸಿಡಿ ಶೇಂಗಾ ಬೀಜದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ ಮುದುಕಿ. ಕೌಂಟರಿನ ಹುಡುಗ ಆಕೆಯ ಕಾಗದವನ್ನು ಮುಟ್ಟದೆ, ಪೆನ್ನಿನ ತುದಿಯಿಂದ ತಳ್ಳಿ, ನಾಳೆ ಬಾ ಎಂದ. ನಾಳೆ ಅನ್ನುವ ಮಾತು ಆಕೆಗೆ ಮೊದಲೂ ಬಂದಿತ್ತೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಆಕೆ ಜಗಳಕ್ಕಿಳಿಯಲಿಲ್ಲ, ದೈನ್ಯವನ್ನೂ ತೋರಿಸಲಿಲ್ಲ. ಕಾಗದವನ್ನು ತಿರುಗಿಸಿ ಅವನ ಕಡೆ ಮುಖ ಮಾಡಿ ಇಟ್ಟು, “ಸಣ್ಣದಿರೋದು ನನ್ ಹೊಲಪ್ಪ, ನಾನಲ್ಲ. ಕೈಯಾಗ ತಗಂಡು ಓದು” ಎಂದಳು. ಹಿಂದೆ ನಿಂತ ನಾವೆಲ್ಲ ಒಂದು ಹೆಜ್ಜೆ ಮುಂದೆ ಬಂದೆವು. ಹುಡುಗ ಕಾಗದವನ್ನು ಕೈಗೆ ತೆಗೆದುಕೊಂಡ. ಬೀಜದ ಮೂಟೆ ಹೊರಗೆ ಬರುವವರೆಗೆ ಆಕೆ ಅಲ್ಲಿಂದ ಅಲ್ಲಾಡಲಿಲ್ಲ. ಅದೇ ಮುದುಕಿ ಸಂಜೆ ಮೋಡ ಕಂಡರೆ ಅಂಗಳದಲ್ಲಿ ನಿಂತು ಎರಡು ಕೈಯೂ ಎತ್ತಿ ಮುಗಿಯುವವಳು. ಮೋಡಕ್ಕೆ ಕೊಡುವ ಮರ್ಯಾದೆಯನ್ನು ಆಕೆ ಕೌಂಟರಿಗೆ ಕೊಡಲಿಲ್ಲ, ಅಷ್ಟೇ. ನೋಡಿದರೆ ಒಂದಕ್ಕೊಂದು ಸಂಬಂಧವೂ ಇದೆ. ಮಳೆಯ ಮುಂದೆ ತನ್ನ ಅಳತೆ ತಿಳಿದವಳಿಗೆ ಕುರ್ಚಿಯ ಮೇಲಿನವನ ಅಳತೆಯೂ ಥಟ್ಟನೆ ತಿಳಿದುಬಿಡುತ್ತದೆ.

ನಮ್ಮ ಸೀಮೆಯ ಸಾಧುಗಳನ್ನೇ ನೋಡಿ. ಜನ ಅವರನ್ನು ಜಗದ್ಗುರು ಅನ್ನಲಿಲ್ಲ, ತಾತ ಎಂದರು. ಬಳ್ಳಾರಿಯ ಕಡೆಯ ಚೇಳಗುರ್ಕಿಯ ಎರ್ರಿತಾತನಿಗೆ ಗಡಿಯ ಎರಡೂ ಬದಿಯ ಮನೆಗಳಲ್ಲಿ ಮೊಮ್ಮಕ್ಕಳಿದ್ದಾರೆ. ಪೀಠವಿದ್ದವರ ಹತ್ತಿರ ಹೋಗಲು ಹೆದರುವವರು ತಾತನ ಹತ್ತಿರ ಹೊಟ್ಟೆನೋವು, ಮಗಳ ಮದುವೆ, ಎಮ್ಮೆ ಕಳೆದದ್ದು, ಎಲ್ಲವನ್ನೂ ಹೇಳಿಕೊಂಡು ಬರುತ್ತಾರೆ.

ರಾಯದುರ್ಗದಿಂದ ಮೊಳಕಾಲ್ಮೂರಿನ ಕಡೆ ಹೋದರೆ ಬ್ರಹ್ಮಗಿರಿ ಸಿಗುತ್ತದೆ. ಸಿದ್ದಾಪುರದ ಹತ್ತಿರದ ಆ ಬೆಟ್ಟದ ಬುಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಹುಡುಗರನ್ನು ಅಲ್ಲಿಗೆ ಕರೆದೊಯ್ಯುವಾಗಲೆಲ್ಲ ನನಗೆ ಖುಷಿ, ಏಕೆಂದರೆ ಅದು ಕುಳ್ಳರ ಪರವಾದ ಶಾಸನ. ಧರ್ಮದಲ್ಲಿ ಶ್ರಮಿಸಿದರೆ ಸಿಗುವ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಸಣ್ಣವನೂ ಉತ್ಸಾಹದಿಂದ ದುಡಿದರೆ ಸ್ವರ್ಗ ಅವನಿಗೂ ಎಟುಕುತ್ತದೆ ಎನ್ನುವುದು ಅದರಲ್ಲಿನ ಒಂದು ಮಾತಿನ ತಾತ್ಪರ್ಯ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿಯೊಬ್ಬ, ಹಿಂದೂಕುಷ್‌ನಿಂದ ಇಲ್ಲಿಯವರೆಗೆ ಆಳುವವನು, ನಮ್ಮ ಮಸಾರಿ ಸೀಮೆಯ ಬಂಡೆಯ ಮೇಲೆ ಸಣ್ಣವರಿಗೆಂದು ಈ ಮಾತನ್ನು ಕೆತ್ತಿಸಿದ್ದಾನೆ. ಇನ್ನೂ ಸೊಗಸಾದದ್ದು ಕೊನೆಯಲ್ಲಿದೆ. ಆ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಎಲ್ಲೂ ಇಲ್ಲ, ದೇವರಿಗೆ ಪ್ರಿಯನಾದವನು ಎಂಬ ಬಿರುದಷ್ಟೇ. ಹೆಸರು ಇರುವುದು ಚಪಡನದು. ಅವನು ಶಾಸನ ಬರೆದ ಗುಮಾಸ್ತ. ಊರೂರು ಅಲೆಯುವ ನೌಕರಿ, ವಾಯವ್ಯದ ಕಡೆಯಿಂದ ಬಂದವನಿರಬೇಕು. ಇಲ್ಲಿ ಯಾರಿಗೂ ಬಾರದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಲಿಪಿಕಾರ ಎಂದು ತನ್ನ ಕಸುಬನ್ನು ಗೀಚಿದ್ದಾನೆ. ಚಕ್ರವರ್ತಿಯ ಹೆಸರನ್ನು ಇಂಥ ಬಂಡೆಯ ಮೇಲೇ ಓದಲು ವಿದ್ವಾಂಸರು ಮಸ್ಕಿಯ ಶಾಸನ ಸಿಗುವವರೆಗೆ, 1915ರವರೆಗೆ, ಕಾಯಬೇಕಾಯಿತು. ಗುಮಾಸ್ತನದು ಮೊದಲೇ ಗೊತ್ತಿತ್ತು. ಪಾಠದ ಕೊನೆಗೆ ಸಹಿ ಮಾಡುವ ಎಲ್ಲ ಮೇಷ್ಟ್ರುಗಳ ಕುಲಪುರುಷ ಅವನು ಎಂದು ನಾನು ತಿಳಿದಿದ್ದೇನೆ.

ನಮ್ಮ ಹೊಲದ ಬದುವಿಗೆ ಬದು ಹತ್ತಿಕೊಂಡು ಒಬ್ಬರ ಹೊಲವಿದೆ. ನಾನು ಮಾಮ ಎಂದು ಕರೆಯುತ್ತೇನೆ, ನೆಂಟಸ್ತಿಕೆ ಬದುವಿನದೇ. ಎಪ್ಪತ್ತು ದಾಟಿದ ಮನುಷ್ಯ. ವರ್ಷಕ್ಕೆ 550 ಮಿಲಿಮೀಟರು ಮಳೆ ಬಿದ್ದರೆ ಪುಣ್ಯ ಎನ್ನುವ ಜಿಲ್ಲೆಯಲ್ಲಿ ಶೇಂಗಾ ಬಿತ್ತಿಕೊಂಡೇ ಬದುಕಿದವರು. ಹಿಂದೆ ಟಿಎಂವಿ-2, ಆಮೇಲೆ ಕದಿರಿಯ ಸಂಶೋಧನಾ ಕೇಂದ್ರದ ಕೆ-6. ಶೇಂಗಾ ವಿಚಿತ್ರವಾದ ಗಿಡ. ಹಳದಿ ಹೂವು ಮೇಲೆ ಬಿಡುತ್ತದೆ, ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥದೊಂದು ಇಳಿದು ಮಣ್ಣು ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ. ಆ ಹೊತ್ತಿಗೆ ಮೇಲ್ಮಣ್ಣು ಮೆತ್ತಗಿರಬೇಕು. ಆಗಲೇ ಮಳೆ ಕೈಕೊಟ್ಟು ನೆಲ ಬಿಗಿದರೆ ಸೂಜಿ ಇಳಿಯದು. ಗಿಡ ಹಸಿರಾಗಿ ನಿಂತಿದ್ದರೂ ಕಿತ್ತರೆ ಬೇರು ಬರಿದು. ಆಗಸ್ಟ್ ತಿಂಗಳಲ್ಲಿ ಹದಿನೈದು ಇಪ್ಪತ್ತು ದಿನ ಮೋಡ ಬರೀ ಬಂದುಹೋಗುವಾಗ ನನ್ನಂಥ ಅರೆಬೇಸಾಯಗಾರರು ದಿನಕ್ಕೆ ಮೂರು ಸಲ ಫೋನಿನಲ್ಲಿ ಹವಾಮಾನ ನೋಡುತ್ತೇವೆ. ಮಾಮ ಹಗ್ಗ ಹೊಸೆಯುತ್ತಾರೆ. ಎಡೆ ಹೊಡೆದು ಮಣ್ಣು ಸಡಿಲ ಮಾಡುವ ಹಂತದವರೆಗೆ ಬಿಡದೆ ದುಡಿದವರು ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಬೇವಿನ ಮರದಡಿ ಕೂರುತ್ತಾರೆ. ಆ ಕೂರುವಿಕೆಯನ್ನು ನಾನು ಎಷ್ಟೋ ಸಲ ಕಲಿಯಲು ನೋಡಿದ್ದೇನೆ. ನನ್ನ ಬೆನ್ನು ಕೂತರೂ ತಲೆ ಕೂರುವುದಿಲ್ಲ. ಮಾಮನಿಗೆ ಅದು ಬರುವುದು ಮೊದಲ ಅರ್ಧದ ದುಡಿಮೆಯಿಂದ. ಅಷ್ಟು ದುಡಿದವನಿಗೆ ಮಾತ್ರ ಹಾಗೆ ಕೂರಲು ಬರುತ್ತದೆಂದು ನನ್ನ ಗುಮಾನಿ.

ಹೋದ ವರ್ಷ ಕಟಾವಾದ ಮೇಲೆ ಪಟ್ಟಣದಿಂದ ಒಬ್ಬ ಹುಡುಗ ಸಮೀಕ್ಷೆಗೆಂದು ಬಂದಿದ್ದ. ಫೋನಿನಲ್ಲಿ ಪ್ರಶ್ನೆಗಳು, ಒಂದೊಂದಕ್ಕೂ ಐದೈದು ಉತ್ತರ, ಯಾವುದೋ ಒಂದಕ್ಕೆ ಗುರುತು ಹಾಕಬೇಕು. ಎಕರೆ ಎಷ್ಟು, ಬೋರು ಇದೆಯೇ, ವಿಮೆ ಕಟ್ಟಿದ್ದೀರಾ, ಎಲ್ಲ ಆಯಿತು. ಕೊನೆಯ ಪ್ರಶ್ನೆಗೆ ಬಂದಾಗ ಅವನೇ ಸ್ವಲ್ಪ ನಾಚಿಕೊಂಡ. “ತಾತಾ, ನಿಮ್ಮ ಜೀವನದಾಗ ದೊಡ್ಡ ಸಾಧನೆ ಏನಂತೀರಿ?”

ಮಾಮ ನನ್ನ ಕಡೆ ನೋಡಿದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. ಆಮೇಲೆ ಮನೆಯೊಳಗೆ ಕೈ ತೋರಿಸಿದರು. ಮೂಲೆಯಲ್ಲಿ ಬೂದಿ ಸವರಿದ ನೆಲದ ಮೇಲೆ, ಹಲಗೆ ಹಾಕಿ, ನಾಲ್ಕು ಗೋಣಿಚೀಲ ನಿಲ್ಲಿಸಿದ್ದರು. ಆರಿಸಿ ಒಣಗಿಸಿದ ಕಾಯಿ.

“ಬರೋ ಮುಂಗಾರಿಗೆ ಬೀಜ ಮನ್ಯಾಗೈತಪ್ಪ. ಸಾಲ ಮಾಡಂಗಿಲ್ಲ.”

ಹುಡುಗ ತಲೆ ಬಗ್ಗಿಸಿ ಫೋನಿನಲ್ಲಿ ಬೆರಳಾಡಿಸಿದ. ಸ್ವಂತ ಮನೆ, ಮಕ್ಕಳ ವಿದ್ಯಾಭ್ಯಾಸ, ವಾಹನ ಖರೀದಿ, ವಿದೇಶ ಪ್ರವಾಸ, ಇತರೆ. ಇತರೆಯನ್ನು ಒತ್ತಿದರೆ ಬರೆಯಲು ಖಾಲಿ ಜಾಗ ಬಂತು, ತೆಲುಗಿನಲ್ಲಿ ಬರೆಯಲೋ ಕನ್ನಡದಲ್ಲೋ ಎಂದು ನನ್ನನ್ನು ಕೇಳಿದ. ನಾನು ಉತ್ತರ ಹೇಳುವಷ್ಟರಲ್ಲಿ ಮಾಮ ಒಳಗಿಂದ ಒಂದು ಚೀಲ ಹುರಿದ ಶೇಂಗಾ ತಂದು ಹುಡುಗನ ಉಡಿಗೆ ಸುರಿದರು, ಎರಡು ಕೈಯಲ್ಲೂ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಫೋನು ಅವನ ಚಪ್ಪಲಿಯ ಪಕ್ಕ ಬಿತ್ತು.